ಕಬೋರ್ಡಿನಡಿಯ ದೀಪಕ್ಕೂ ಒಂದು ಹೋಲ್ಡರ್ ಬೇಕು

ಹಬ್ಬದ ಹಿಂದಿನ ದಿನ ವೈರ್‌ಮನ್‌ಗಳಿಗೆ ಬರುವ ಫೋನುಗಳಲ್ಲಿ ಈಚೆಗೆ ಒಂದು ಹೊಸ ದೂರು ಸೇರಿಕೊಂಡಿದೆ. "ಅಣ್ಣಾ, ಅಡುಗೆಮನೆ ಕಬೋರ್ಡ್ ಕೆಳಗಡೆ ಲೈಟು ಹೋಗ್ಬುಟ್ಟದೆ. ಬೆಳಗಿನ ಜಾವ ಎದ್ದು ಒಬ್ಬಟ್ಟು ತಟ್ಟಬೇಕು, ಇವತ್ತೇ ಬಂದೋಗಿ." ಗೌರಿ ಹಬ್ಬಕ್ಕೆ ಈ ಫೋನು ಬರುತ್ತದೆ, ಆಯುಧಪೂಜೆಗೆ ಬರುತ್ತದೆ, ನಂಜನಗೂಡಿನ ದೊಡ್ಡಜಾತ್ರೆಯ ವಾರದಲ್ಲಂತೂ ತಪ್ಪುವುದೇ ಇಲ್ಲ. ದೀಪಕ್ಕೆ ಯಾರ ಕಣ್ಣೂ ಬಿದ್ದಿರುವುದಿಲ್ಲ. ನೆಂಟರು ತುಂಬಿದ ಮನೆಯಲ್ಲಿ ಹಚ್ಚಿದ ಒಲೆ ಆರುವುದಿಲ್ಲ, ಹಾಕಿದ ದೀಪ ಆರಿಸುವುದಿಲ್ಲ. ವರ್ಷವೆಲ್ಲ ಹೇಗೋ ತಡೆದುಕೊಂಡು ಬಂದ ಸಾಮಾನು ಆ ಎರಡು ದಿನದ ಬಿಸಿಗೆ ಕೈಕೊಡುತ್ತದೆ, ಅಷ್ಟೆ.

ನಾನು ಐಟಿಐ ಓದಿ, ವೈರ್‌ಮನ್ ಪರ್ಮಿಟ್ ತೆಗೆದುಕೊಂಡು ಈ ಕೆಲಸಕ್ಕೆ ಇಳಿದವನು. ಮನೆ ನಂಜನಗೂಡಿನಲ್ಲಿ, ಹೆಂಡತಿಯ ತವರು ಟಿ. ನರಸೀಪುರದಲ್ಲಿ. ಹೀಗಾಗಿ ಎರಡು ತಾಲ್ಲೂಕಿನ ಅಡುಗೆಮನೆಗಳೂ ನನಗೆ ಗೊತ್ತು. ಬೇರೆಯವರು ಮನೆಯ ಹಾಲ್ ನೋಡಿ ಮನೆಯವರನ್ನು ಅಳೆಯುತ್ತಾರೆ. ನಾನು ಸ್ಟೂಲಿನ ಮೇಲೆ ಹತ್ತಿ ಕಬೋರ್ಡಿನ ನೆತ್ತಿ ನೋಡುತ್ತೇನೆ. ಅಲ್ಲಿ ಕಂಡಿದ್ದನ್ನು ಇಟ್ಟುಕೊಂಡೇ ಹೇಳುತ್ತಿದ್ದೇನೆ: ಕೆಟ್ಟಿದೆ ಎಂದು ಕಿತ್ತು ಬಿಸಾಡುವ ಈ ದೀಪಗಳಲ್ಲಿ ಹೆಚ್ಚಿನವು ಕೆಟ್ಟಿರುವುದೇ ಇಲ್ಲ. ಕೆಟ್ಟಿರುವುದು ಅವಕ್ಕೆ ಕರೆಂಟ್ ಕೊಡುವ ಅಂಗೈ ಅಗಲದ ಡಬ್ಬಿ. ಆ ಡಬ್ಬಿಯನ್ನು ಯಾರ ಕೈಗೂ ಸಿಗದ ಹಾಗೆ ಪ್ಲೈವುಡ್ ಹಿಂದೆ ಮುಚ್ಚಿ, ಅದು ಸತ್ತಾಗ ‘ಪೂರಾ ಸೆಟ್ಟೇ ಬದಲಾಯಿಸಬೇಕು’ ಎನ್ನುವ ವ್ಯಾಪಾರವನ್ನು ನಾವು ಸುಮ್ಮನೆ ಒಪ್ಪಿಕೊಂಡುಬಿಟ್ಟಿದ್ದೇವೆ.

ಅಡುಗೆಕಟ್ಟೆಯ ಮೇಲೊಂದು ದೀಪ ಬೇಕೇ, ಅದು ಶೋಕಿಯಲ್ಲವೇ ಎಂದು ಕೇಳುವವರಿದ್ದಾರೆ. ಕೇಳುವವರು ಸಾಮಾನ್ಯವಾಗಿ ಗಂಡಸರು. ನಂಜನಗೂಡಿನ ದೇವಸ್ಥಾನದ ಸುತ್ತಿನ ಹಳೆಯ ಹೆಂಚಿನ ಮನೆಗಳಲ್ಲಿ ಒಲೆ ನೆಲದ ಮೇಲಿತ್ತು, ಮೇಲೆ ಬೆಳಕಿಂಡಿ ಇತ್ತು. ಕೂತು ಬೇಯಿಸುವವರ ಎದುರಿಗೇ ಬೆಳಕು ಬೀಳುತ್ತಿತ್ತು. ಆಮೇಲೆ ನಿಂತು ಅಡುಗೆ ಮಾಡುವ ಕಟ್ಟೆ ಬಂತು. ಟ್ಯೂಬ್‌ಲೈಟು ಎದುರು ಗೋಡೆಗೆ, ಅಂದರೆ ಅಡುಗೆ ಮಾಡುವವರ ಬೆನ್ನ ಹಿಂದಕ್ಕೆ ಹೋಯಿತು. ಈಗ ಮೂವತ್ತು–ನಲವತ್ತರ ಸೈಟಿನ ಮನೆಯಲ್ಲೂ ಕಟ್ಟೆಯ ಮೇಲ್ಗಡೆ ಉದ್ದಕ್ಕೂ ಕಬೋರ್ಡು ಬಂದಿದೆ. ಛಾವಣಿಯಿಂದ ಬರುವ ಬೆಳಕನ್ನು ಕಬೋರ್ಡು ತಡೆಯುತ್ತದೆ, ಹಿಂದಿನಿಂದ ಬರುವುದನ್ನು ನಿಂತವರ ದೇಹವೇ ತಡೆಯುತ್ತದೆ. ತರಕಾರಿ ಹೆಚ್ಚುವವರು ತಮ್ಮ ನೆರಳಿನೊಳಗೇ ಚಾಕು ಆಡಿಸುತ್ತಿರುತ್ತಾರೆ. ಅವರೆಕಾಯಿ ಕಾಲದಲ್ಲಿ ಹುಳ ನೋಡಿ ಬಿಡಿಸಬೇಕು, ಸೊಪ್ಪು ಸೋಸಬೇಕು, ಅಕ್ಕಿಯಲ್ಲಿ ಕಲ್ಲು ಆರಿಸಬೇಕು. ನಲವತ್ತೈದು ದಾಟಿದ ಕಣ್ಣಿಗೆ ಇಪ್ಪತ್ತರ ಕಣ್ಣಿಗಿಂತ ಹೆಚ್ಚು ಬೆಳಕು ಬೇಕು. ಹಾಲ್‌ನ ಫಾಲ್ಸ್ ಸೀಲಿಂಗಿನೊಳಗೆ ಬಣ್ಣ ಬಣ್ಣದ ಪಟ್ಟಿ ಉರಿಸಲು ದುಡ್ಡು ಸುರಿಯುವ ಮನೆಯವರು, ದಿನವೂ ನಾಲ್ಕು ಗಂಟೆ ಉರಿಯುವ ಅಡುಗೆಮನೆ ದೀಪದ ಮಾತು ಬಂದಾಗ ‘ಅಲ್ಲೊಂದು ಏನಾದ್ರೂ ಹಾಕ್ಬುಡಿ’ ಎನ್ನುವುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ.

ಕರೆಂಟ್ ಬಿಲ್ಲಿನ ನೆಪ ಹೇಳುವವರಿಗೆ ಲೆಕ್ಕ ಕೊಡುತ್ತೇನೆ. ಹತ್ತು ಅಡಿ, ಅಂದರೆ ಸುಮಾರು ಮೂರು ಮೀಟರ್ ಉದ್ದದ ಎಲ್‌ಇಡಿ ಪಟ್ಟಿ ಹಾಕಿದ್ದೀರಿ. ಮಾಮೂಲಿ ಪಟ್ಟಿ ಮೀಟರಿಗೆ 9.6 ವಾಟ್, ಒಟ್ಟು 29 ವಾಟ್ ಎನ್ನೋಣ. ದಿನಕ್ಕೆ ನಾಲ್ಕು ಗಂಟೆ ಉರಿದರೂ ತಿಂಗಳಿಗೆ ಮೂರೂವರೆ ಯೂನಿಟ್. 2023ರ ಜುಲೈನಿಂದ ಗೃಹಜ್ಯೋತಿ ಬಂದ ಮೇಲೆ, 200 ಯೂನಿಟ್‌ನ ಒಳಗೆ ತಮ್ಮ ಹಳೆಯ ಸರಾಸರಿಯ ಮೇಲೆ ಶೇ. 10ರವರೆಗೆ ಬಳಸುವ ಮನೆಗೆ ಬಿಲ್ಲೇ ಬರುವುದಿಲ್ಲ. ಆ ಮೂರೂವರೆ ಯೂನಿಟ್ ಯಾರ ಮನೆಯನ್ನೂ ಮುಳುಗಿಸುವುದಿಲ್ಲ.

ನಮ್ಮ ಸೀಮೆಗೂ ಕರೆಂಟಿಗೂ ಇರುವ ನಂಟನ್ನು ಇಲ್ಲಿ ನೆನೆಯದೆ ಮುಂದೆ ಹೋಗಲು ಮನಸ್ಸಿಲ್ಲ. ನಂಜನಗೂಡಿನ ಸ್ನಾನಘಟ್ಟ ದಾಟಿದ ಕಪಿಲೆ ಟಿ. ನರಸೀಪುರದ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಸೇರಿದ ನೀರು ತಲಕಾಡಿನ ಮರಳನ್ನು ಬಳಸಿಕೊಂಡು ಶಿವನಸಮುದ್ರಕ್ಕೆ ಹೋಗಿ ಧುಮುಕುತ್ತದೆ. ಅಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ ದೀಪ ಬಂತು, 1908ರಲ್ಲಿ ಮೈಸೂರಿಗೆ. ನೀರು ಹರಿಸಿದ ದಂಡೆಯ ಹಳ್ಳಿಗಳು ಸೀಮೆಎಣ್ಣೆ ಬುಡ್ಡಿ ಹಿಡಿದು ದಶಕಗಟ್ಟಲೆ ಕಾದವು. ಬಡವರ ಮನೆಗೆ ಭಾಗ್ಯಜ್ಯೋತಿ ಬಂದಾಗ ಒಂದೇ ಒಂದು ಬಲ್ಬು ಬಂತು. ಅದನ್ನೂ ನಡುಮನೆಯಲ್ಲಿ ನೇತುಹಾಕಿದರು. ಒಲೆಯ ಹತ್ತಿರ ಕತ್ತಲೆ ಹಾಗೇ ಉಳಿಯಿತು.

ಆದರೆ ಆ ಒಂಟಿ ಬಲ್ಬಿನಲ್ಲಿ ಒಂದು ದೊಡ್ಡ ಗುಣವಿತ್ತು. ಅದು ಸುಟ್ಟರೆ ಮನೆಯ ಅಜ್ಜಿಯೂ ಬದಲಿಸಬಹುದಿತ್ತು. ಎರಡು ಪಿನ್ನಿನ ಬಲ್ಬು, ಎರಡು ಪಿನ್ನಿನ ಹೋಲ್ಡರು. ಒತ್ತಿ ತಿರುಗಿಸಿದರೆ ಕೂರುತ್ತದೆ. 1936ರಲ್ಲಿ ಶುರುವಾಗಿ 2003ರಲ್ಲಿ ಬಾಗಿಲು ಹಾಕಿದ ನಮ್ಮದೇ ಮೈಸೂರು ಲ್ಯಾಂಪ್ಸ್ ಬಲ್ಬೂ ಅದೇ ಹೋಲ್ಡರಿಗೆ ಕೂರುತ್ತಿತ್ತು, ಬೇರೆ ಕಂಪನಿಯದೂ ಕೂರುತ್ತಿತ್ತು. 2015ರ ಕೊನೆಯಲ್ಲಿ ‘ಹೊಸ ಬೆಳಕು’ ಯೋಜನೆಯಡಿ ನಮ್ಮ ಕಡೆಗೆ ಕರೆಂಟ್ ಕೊಡುವ ಸೆಸ್ಕ್ ಕಂಪನಿಯ ಕೌಂಟರಿನಲ್ಲಿ ಕೊಟ್ಟ 9 ವಾಟಿನ ಎಲ್‌ಇಡಿ ಬಲ್ಬನ್ನೂ ಜನ ಅದೇ ಹಳೆಯ ಹೋಲ್ಡರಿಗೇ ಸಿಕ್ಕಿಸಿದರು. ಬಲ್ಬಿನ ಒಳಗಿನ ವಿದ್ಯೆಯೆಲ್ಲ ಬದಲಾಯಿತು, ಹೋಲ್ಡರ್ ಬದಲಾಗಲಿಲ್ಲ. ಅದಕ್ಕೇ ಆ ಬದಲಾವಣೆ ಅಷ್ಟು ಸಲೀಸಾಗಿ ಮನೆಮನೆಗೆ ಮುಟ್ಟಿತು.

ಕಬೋರ್ಡಿನಡಿಯ ಪಟ್ಟಿ ದೀಪಕ್ಕೆ ಅಂಥ ಹೋಲ್ಡರ್ ಇಲ್ಲ. ಒಬ್ಬೊಬ್ಬ ಫರ್ನಿಚರ್‌ನವನದು ಒಂದೊಂದು ಅಳತೆಯ ಅಲ್ಯೂಮಿನಿಯಂ ಪ್ರೊಫೈಲು, ಒಂದೊಂದು ಜಾತಿಯ ಕನೆಕ್ಟರು, ಒಬ್ಬನದು 12 ವೋಲ್ಟು, ಇನ್ನೊಬ್ಬನದು 24. ಇವತ್ತು ತಂದ ಮಾಡೆಲ್ಲು ಎರಡು ವರ್ಷದ ಮೇಲೆ ಮಾರ್ಕೆಟ್ಟಿನಲ್ಲಿ ಇರುವುದಿಲ್ಲ. ನನ್ನ ತಕರಾರು ಇರುವುದು ಎಲ್‌ಇಡಿಯ ಮೇಲೆ ಖಂಡಿತ ಅಲ್ಲ, ಈ ಅವ್ಯವಸ್ಥೆಯ ಮೇಲೆ.

ಟಿ. ನರಸೀಪುರದಲ್ಲಿ ಒಬ್ಬ ಹಿರಿಯರ ಮನೆಗೆ ಹೋಗಿದ್ದೆ. ಅಲ್ಲಿನ ಸರ್ಕಾರಿ ರೇಷ್ಮೆ ಕಾರ್ಖಾನೆಯಲ್ಲಿ ನೂಲು ತೆಗೆಯುವ ಕೆಲಸ ಮಾಡಿ ನಿವೃತ್ತರಾದ ಹೆಂಗಸು. ಬೆಂಗಳೂರಿನಲ್ಲಿರುವ ಮಗ ಅಮ್ಮನಿಗೆಂದು ಹೊಸ ಅಡುಗೆಮನೆ ಮಾಡಿಸಿಕೊಟ್ಟಿದ್ದ. ಒಂದೂವರೆ ವರ್ಷಕ್ಕೆ ದೀಪ ಹೋಯಿತು. ಅಡುಗೆಮನೆ ಮಾಡಿದ ಕಂಪನಿಯವರು ಬಂದು ನೋಡಿ, ಆ ಮಾಡೆಲ್ ಈಗ ಬರುವುದಿಲ್ಲ, ಮೂರು ಕಬೋರ್ಡು ಇಳಿಸಿ ಹೊಸ ಪ್ರೊಫೈಲ್ ಕೂರಿಸಬೇಕು, ಹಿಂದಿನ ಟೈಲ್ಸ್ ಒಂದೆರಡು ಒಡೆದರೆ ನಮ್ಮನ್ನು ಕೇಳಬೇಡಿ ಎಂದು ಹೇಳಿ ಐದಂಕಿಯ ಕೊಟೇಶನ್ ಬರೆದುಕೊಟ್ಟು ಹೋಗಿದ್ದರು. ಮಗ ಫೋನಿನಲ್ಲೇ "ಮಾಡಿಸ್ಬಿಡಮ್ಮ" ಎಂದಿದ್ದ. ಅಮ್ಮ ಒಪ್ಪಿರಲಿಲ್ಲ.

"ಮಗಾ, ಲೈಟು ಒಂದೇ ಸಲ ಹೋಗ್ನಿಲ್ಲ. ಒಂದು ವಾರ ಕಣ್ಣು ಹೊಡ್ಕತಿತ್ತು. ಆರಿಸಿ ಹಾಕುದ್ರೆ ಹತ್ಕತಿತ್ತು. ಪಟ್ಟಿ ಸುಟ್ಟೋಗಿದ್ರೆ ಹಂಗೆ ಆಯ್ತದಾ?"

ನಾನು ಬ್ಯಾಗ್ ಕೆಳಗಿಡುವ ಮೊದಲೇ ಅರ್ಧ ಕೆಲಸ ಅವರೇ ಮಾಡಿ ಮುಗಿಸಿದ್ದರು. ದೀಪ ಮಿಣುಕಿ, ಆರಿಸಿ ಹಾಕಿದರೆ ಮತ್ತೆ ಹತ್ತಿ, ಕೊನೆಗೊಂದು ದಿನ ಪೂರ್ತಿ ನಿಂತರೆ ನೂರಕ್ಕೆ ತೊಂಬತ್ತು ಪಾಲು ಅದು ಡ್ರೈವರಿನ ಕಾಯಿಲೆ. ಡ್ರೈವರ್ ಎಂದರೆ ಮನೆಯ 230 ವೋಲ್ಟನ್ನು ಇಳಿಸಿ ಪಟ್ಟಿಗೆ ಬೇಕಾದ 12 ಅಥವಾ 24 ವೋಲ್ಟ್ ಮಾಡಿಕೊಡುವ ಡಬ್ಬಿ. ಅದರೊಳಗೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಎನ್ನುವ ಸಣ್ಣ ಉರುಟು ಭಾಗವಿರುತ್ತದೆ, ಅದರ ಹೊಟ್ಟೆಯಲ್ಲಿ ಒಂದಿಷ್ಟು ದ್ರವ. ಬಿಸಿಗೆ ಆ ದ್ರವ ಒಣಗುತ್ತಾ ಹೋಗುತ್ತದೆ. ಬಿಸಿ ಹತ್ತು ಡಿಗ್ರಿ ಹೆಚ್ಚಿದರೆ ಅದರ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎನ್ನುವುದು ಈ ಕಸುಬಿನವರೆಲ್ಲ ಬಲ್ಲ ಲೆಕ್ಕ. ಹಾಗಿರುವಾಗ ಇಂಥ ಡಬ್ಬಿಯನ್ನು ನಮ್ಮವರು ಎಲ್ಲಿಡುತ್ತಾರೆ? ಚಿಮಣಿ ಪೈಪಿನ ಪಕ್ಕದಲ್ಲಿ, ಒಲೆಯ ನೇರ ಮೇಲಕ್ಕೆ, ಗಾಳಿಯಾಡದ ಸಂದಿನಲ್ಲಿ. ಒಗ್ಗರಣೆಯ ಜಿಡ್ಡು ಕೂತು, ಜಿರಳೆ ಮರಿಹಾಕಿ, ಬೇಸಿಗೆಯಲ್ಲಿ ಕೈ ಇಟ್ಟರೆ ಸುಡುವ ಜಾಗದಲ್ಲಿ.

ಆ ಮನೆಯಲ್ಲೂ ಅಲ್ಲೇ ಇತ್ತು. ಚಿಮಣಿಯ ಮೇಲಿನ ಅಲಂಕಾರದ ಹಲಗೆಯನ್ನು ಸ್ಕ್ರೂ ಹಾಕದೆ ಗಮ್ ಹಾಕಿ ಅಂಟಿಸಿದ್ದರು. ಜೋಪಾನವಾಗಿ ಬಿಡಿಸಿ ನೋಡಿದರೆ ಡಬ್ಬಿ ಉಬ್ಬಿತ್ತು. ಮೀಟರ್ ಹಿಡಿದೆ, 230 ಒಳಗೆ ಹೋಗುತ್ತಿತ್ತು, 12 ಹೊರಗೆ ಬರುತ್ತಿರಲಿಲ್ಲ. ಬ್ಯಾಗಿನಲ್ಲಿದ್ದ ಬೇರೆ ಡ್ರೈವರ್ ಕೊಟ್ಟು ನೋಡಿದರೆ ಪಟ್ಟಿ ಇದ್ದಷ್ಟೂ ಉದ್ದಕ್ಕೆ ಬೆಳ್ಳಗೆ ಹತ್ತಿಕೊಂಡಿತು. ಒಂದು ಚುಕ್ಕಿಯೂ ಸತ್ತಿರಲಿಲ್ಲ. ಹೊಸ ಡ್ರೈವರಿಗೆ ಕೆಲವು ನೂರು ರೂಪಾಯಿ, ನನ್ನ ಕೂಲಿ, ಜೊತೆಗೆ ನಾಲ್ಕು ಸ್ಕ್ರೂ. ಡಬ್ಬಿಯನ್ನು ಒಲೆಯಿಂದ ದೂರದ ಮೂಲೆಯ ಕಬೋರ್ಡಿನ ನೆತ್ತಿಗೆ ತಂದು ಕೂರಿಸಿದೆ, ಸ್ಟೂಲ್ ಹತ್ತಿದರೆ ಕೈಗೆ ಸಿಗುವ ಹಾಗೆ.

ಆ ಹಿರಿಯರು ಪಟ್ಟಿಯನ್ನು ಗೋಡೆಯ ಕಡೆಯಿಂದ ಕಬೋರ್ಡಿನ ಮುಂದಿನ ಅಂಚಿಗೆ ತರಲಾಗುವುದೇ ಎಂದೂ ಕೇಳಿದರು. ರೇಷ್ಮೆ ಎಳೆ ಕಾಣಬೇಕಾದರೆ ಬೆಳಕು ಕೈಯ ಮುಂದೆ ಬೀಳಬೇಕು, ಗೋಡೆಗೆ ಬಿದ್ದರೆ ಏನು ಬಂತು ಎಂಬುದು ಅವರ ವಾದ. ಡಿಸೈನ್ ಮಾಡಿದವರು ಟೈಲ್ಸ್ ಮಿಂಚಲೆಂದು ಗೋಡೆಯ ಪಕ್ಕ ಹಾಕಿದ್ದರು. ಆ ಹಿರಿಯರು ತರಕಾರಿ ಕಾಣಲೆಂದು ಕೇಳುತ್ತಿದ್ದರು. ತಂದು ಹಾಕಿದೆ. ಮುಂದಿನ ಅಂಚೇ ಸರಿ. ಒಂದು ಸಣ್ಣ ಮರೆ ಅಡ್ಡ ಕೊಟ್ಟರೆ ಕಣ್ಣಿಗೂ ಹೊಡೆಯುವುದಿಲ್ಲ.

ಇಂಥ ದೂರು ಬಂದಾಗ ನೋಡುವ ಕ್ರಮವನ್ನು ಓದುಗರಿಗೂ ಹೇಳಿಬಿಡುತ್ತೇನೆ. ಇದರಿಂದ ನನ್ನ ಕೆಲಸವೇನೂ ಹೋಗುವುದಿಲ್ಲ. ಇಡೀ ಪಟ್ಟಿ ಒಮ್ಮೆಗೇ ಆರಿದ್ದರೆ ಮೊದಲು ಸ್ವಿಚ್ಚು, ಆಮೇಲೆ ಡ್ರೈವರ್. ಪಟ್ಟಿಯ ನಡುವೆ ಎರಡಂಗುಲದಷ್ಟು ಮಾತ್ರ ಕಪ್ಪಾಗಿದ್ದರೆ ಅಲ್ಲಿನ ತುಂಡು ಮಾತ್ರ ಹೋಗಿದೆ. 12 ವೋಲ್ಟಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೂರು ಮೂರು ಎಲ್‌ಇಡಿಗೆ ಒಂದು ಕತ್ತರಿ ಗುರುತು ಇರುತ್ತದೆ, ಅಲ್ಲಿಗೆ ಕತ್ತರಿಸಿ ಅದೇ ವೋಲ್ಟಿನ ತುಂಡು ಬೆಸುಗೆ ಹಾಕಬಹುದು. ಒಂದು ಜಾಗದಿಂದ ಮುಂದಕ್ಕೆ ಪೂರ್ತಿ ಕತ್ತಲೆಯಾದರೆ ಆ ಜಾಗದ ಕನೆಕ್ಟರ್ ತುಕ್ಕು ಹಿಡಿದಿದೆ ಅಥವಾ ಬೆಸುಗೆ ಬಿಟ್ಟಿದೆ. 2018, 2019ರ ಮಳೆಗಾಲದಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗಿನ ಬೀದಿಗಳಿಗೆ ನೀರು ನುಗ್ಗಿತಲ್ಲ, ಅಂಥ ಮನೆಗಳ ಗೋಡೆ ನೀರಿಳಿದ ಮೇಲೂ ತಿಂಗಳುಗಟ್ಟಲೆ ತೇವ ಕಾರುತ್ತದೆ. ಅಲ್ಲಿ ನಾನು ಡ್ರೈವರಿಗಿಂತ ಮೊದಲು ಕನೆಕ್ಟರ್ ಮುಟ್ಟಿ ನೋಡುತ್ತೇನೆ. ಪಟ್ಟಿಯ ಆರಂಭ ಪ್ರಕಾಶವಾಗಿದ್ದು ಕೊನೆ ಮಂಕಾಗಿದ್ದರೆ ಅದು ಕೆಟ್ಟಿದ್ದೇ ಅಲ್ಲ. ನಾಲೆಯ ಕೊನೆಯ ಗದ್ದೆಗೆ ನೀರು ಏರದ ಹಾಗೆ, ಉದ್ದದ ಪಟ್ಟಿಯ ತುದಿಗೆ ವೋಲ್ಟೇಜು ಮುಟ್ಟುತ್ತಿಲ್ಲ. ಎರಡೂ ತುದಿಯಿಂದ ಕೊಟ್ಟರೆ ಸರಿಹೋಗುತ್ತದೆ.

ಇನ್ನೊಂದು ದೂರು ಬಲು ಸ್ವಾರಸ್ಯದ್ದು. ಸ್ವಿಚ್ ಆಫ್ ಮಾಡಿದ ಮೇಲೂ ರಾತ್ರಿಯೆಲ್ಲ ದೀಪ ಮಿಣಮಿಣ ಉರಿಯುತ್ತದೆ ಎಂದು. ಹಳ್ಳಿಯೊಂದರ ಅಜ್ಜಿ ಇದನ್ನು ಮನೆದೇವರ ಸೂಚನೆ ಎಂದುಕೊಂಡು ಸ್ವಿಚ್ ಬೋರ್ಡಿಗೆ ಕುಂಕುಮ ಇಟ್ಟಿದ್ದರು. ಅಜ್ಜಿಯ ಭಕ್ತಿಗೆ ನಮಸ್ಕಾರ. ಆದರೆ ಅಲ್ಲಿ ಫೇಸ್ ಬದಲು ನ್ಯೂಟ್ರಲ್ ವೈರಿಗೆ ಸ್ವಿಚ್ ಕೊಟ್ಟಿದ್ದರು. ಅಂದರೆ ಆಫ್ ಮಾಡಿದರೂ ಡ್ರೈವರಿನ ತನಕ ಕರೆಂಟು ನಿಂತೇ ಇರುತ್ತದೆ. ಹಳೆಯ ಮನೆಗಳಲ್ಲಿ ಇದು ಅಪರೂಪವೇನಲ್ಲ. ಸ್ವಿಚ್ಚಿನಲ್ಲಿ ಸಣ್ಣ ಇಂಡಿಕೇಟರ್ ದೀಪ ಇದ್ದರೂ ಕೆಲವೊಮ್ಮೆ ಹೀಗೆ ಮಿಣುಕುವುದುಂಟು, ಅದರಲ್ಲಿ ಅಪಾಯವಿಲ್ಲ. ಯಾವುದು ಯಾವುದೆಂದು ಟೆಸ್ಟರ್ ಹಿಡಿದೇ ತಿಳಿಯಬೇಕು. ಅದಕ್ಕೇ ನನ್ನ ಬೇಡಿಕೆ: ಕಬೋರ್ಡಿನಡಿಗೆ ಕೈ ಹಾಕುವ ಮೊದಲು ಸ್ವಿಚ್ ಆಫ್ ಮಾಡಿದರೆ ಸಾಲದು, ಎಂಸಿಬಿ ಇಳಿಸಿ. 12 ವೋಲ್ಟಿನ ಕಡೆ ನೀವೇ ಕನೆಕ್ಟರ್ ಒತ್ತಿ ನೋಡಿ, ತಪ್ಪಿಲ್ಲ. 230ರ ಕಡೆ ಮಾತ್ರ ವೈರ್‌ಮನ್‌ನೇ ಮುಟ್ಟಲಿ. ಸಿಂಕ್, ನಲ್ಲಿ, ಒದ್ದೆ ಕೈ, ಗ್ರಾನೈಟಿನ ಮೇಲೆ ನೀರು; ಮನೆಯಲ್ಲಿ ಕರೆಂಟೂ ನೀರೂ ಇಷ್ಟು ಹತ್ತಿರ ಇರುವ ಜಾಗ ಬಚ್ಚಲು ಬಿಟ್ಟರೆ ಇದೇ. ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸದೆ ಅಲ್ಲಿ ಅಂದದ ದೀಪ ಹಾಕಿಸಿಕೊಳ್ಳುವವರಿಗೆ ನಾನು ನೇರವಾಗಿ ಹೇಳುತ್ತೇನೆ: ಮೊದಲು ಆ ದುಡ್ಡನ್ನು ಮೀಟರ್ ಬೋರ್ಡಿಗೆ ಹಾಕಿ.

ಎಲ್ಲವನ್ನೂ ರಿಪೇರಿಯೇ ಮಾಡಬೇಕೆಂದು ನಾನು ಹಟ ಹಿಡಿದಿಲ್ಲ. ಹತ್ತು–ಹದಿನೈದು ವರ್ಷದ ಹಿಂದೆ ಹಾಕಿಸಿದ ಸಣ್ಣ ಟ್ಯೂಬಿನ ಫಿಟಿಂಗ್‌ಗಳು ಇನ್ನೂ ಕೆಲವು ಮನೆಯಲ್ಲಿವೆ. ಅದರ ಎಲೆಕ್ಟ್ರಾನಿಕ್ ಚೋಕು ಹೋದರೆ ಹೊಸ ಚೋಕು ಹುಡುಕಿಕೊಂಡು ಮೈಸೂರಿಗೆ ಅಲೆಯಬೇಡಿ. ಟ್ಯೂಬಿನಲ್ಲಿ ಪಾದರಸವಿದೆ, ಪಾದರಸ ಕುರಿತ ಮಿನಮಾಟಾ ಒಪ್ಪಂದದ ದೇಶಗಳು 2023ರಲ್ಲಿ ಸೇರಿ, 2027ರ ಕೊನೆಯೊಳಗೆ ಇಂಥ ನೇರ ಟ್ಯೂಬುಗಳ ತಯಾರಿಕೆಯನ್ನೇ ನಿಲ್ಲಿಸಲು ಒಪ್ಪಿವೆ. ಅದನ್ನು ತೆಗೆದು ಎಲ್‌ಇಡಿ ಹಾಕಿ. ವೈರಿನ ಮೈ ಕಂದಿ ಗಟ್ಟಿಯಾಗಿದ್ದರೆ, ಪಟ್ಟಿಯ ಮೇಲಿನ ಸಿಲಿಕೋನ್ ಹಳದಿಯಾಗಿ ಬೆಳಕೆಲ್ಲ ಮಾಸಿದ್ದರೆ ಅದನ್ನೂ ಬದಲಿಸಿ.

ಜಾತ್ರೆ, ಸಂತೆಗಳಲ್ಲಿ ಕೂತು ಸತ್ತ ಎಲ್‌ಇಡಿ ಬಲ್ಬು ಬದುಕಿಸುವ ಹುಡುಗರಿದ್ದಾರೆ. ಅವರ ಬಗ್ಗೆ ನನಗೆ ಗೌರವವಿದೆ. ಬಲ್ಬಿನೊಳಗೆ ಎಲ್‌ಇಡಿಗಳು ಸಾಲಾಗಿ ಒಂದರ ಹಿಂದೊಂದು ಇರುವುದರಿಂದ ಒಂದು ಸುಟ್ಟರೆ ಎಲ್ಲವೂ ಆರುತ್ತವೆ; ಅವರು ಸುಟ್ಟದ್ದನ್ನು ಕಂಡುಹಿಡಿದು ಅದರ ಮೇಲೆ ಬೆಸುಗೆಯ ಸೇತುವೆ ಕಟ್ಟುತ್ತಾರೆ. ಬಲ್ಬು ಮತ್ತೆ ಉರಿಯುತ್ತದೆ. ಸತ್ತ ಎಲ್‌ಇಡಿಯ ಪಾಲಿನ ವೋಲ್ಟೇಜನ್ನು ಮಾತ್ರ ಮಿಕ್ಕ ಸರ್ಕ್ಯೂಟು ಹೊರಬೇಕು, ಬಿಸಿ ಏರುತ್ತದೆ. ಕೊಟ್ಟಿಗೆಗೆ, ಜಗುಲಿಗೆ ಅದು ಸಾಕು. ಎಣ್ಣೆ ಕಾಯುವ ಬಾಂಡಲೆಯ ಮೇಲೆ ಬೇಡ.

ಬಡಾಯಿಯ ದೀಪ ಬೇಡವೆನ್ನುವವರಿಗೆ ನನ್ನ ಸಲಹೆ ಎರಡಡಿಯ ಟಿ5 ಎಲ್‌ಇಡಿ ಬ್ಯಾಟನ್. ಸುಮಾರು 10 ವಾಟು, ಡ್ರೈವರ್ ಒಳಗೇ ಇರುತ್ತದೆ, ಎರಡು ಕ್ಲಿಪ್ಪಿನ ಮೇಲೆ ಕೂರುತ್ತದೆ, ಪೇಟೆಯ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಅದು ಹೋದರೆ ಕ್ಲಿಪ್ಪಿನಿಂದ ಜಾರಿಸಿ ಇನ್ನೊಂದು ಕೂರಿಸಬಹುದು. ಇದನ್ನು ಬಿಚ್ಚಿ ರಿಪೇರಿ ಮಾಡುವುದು ಕಷ್ಟ, ಒಪ್ಪುತ್ತೇನೆ. ಆದರೆ ಇದಕ್ಕಾಗಿ ಯಾರೂ ನಿಮ್ಮ ಕಬೋರ್ಡು ಇಳಿಸುವುದಿಲ್ಲ. ಮೂವತ್ತು ಸಾವಿರದ ಪ್ರೊಫೈಲ್ ಲೈಟಿಂಗ್‌ಗಿಂತ ಮುನ್ನೂರರ ಬ್ಯಾಟನ್ನನ್ನು ನಾನು ಮೇಲೆಂದು ಎಣಿಸುವುದು ಇದೊಂದೇ ಕಾರಣಕ್ಕೆ.

ಬಣ್ಣದ ವಿಷಯ ಚಿಕ್ಕದು, ಆದರೂ ಹೇಳಬೇಕು. ಅಂಗಡಿಯಲ್ಲಿ ಕೇಳದಿದ್ದರೆ ಕೈಗೆ ಬರುವುದು 6500 ಕೆಲ್ವಿನ್‌ನ ನೀಲಿ ಬಿಳುಪು. ಆ ಬೆಳಕಿನಲ್ಲಿ ನಂಜನಗೂಡು ರಸಬಾಳೆ ಹಣ್ಣಾಗಿದೆಯೋ ಇಲ್ಲವೋ ಸಿಪ್ಪೆ ನೋಡಿ ಹೇಳಲಾಗುವುದಿಲ್ಲ, ಸಾರಿನ ಬಣ್ಣ ಕಂದಿದಂತೆ ಕಾಣುತ್ತದೆ. 4000 ಕೆಲ್ವಿನ್ ಕೇಳಿ, ನ್ಯೂಟ್ರಲ್ ವೈಟ್ ಎನ್ನುತ್ತಾರೆ. ಡಬ್ಬದ ಮೇಲೆ ಸಿಆರ್‌ಐ 90 ಎಂದು ಬರೆದಿದ್ದರೆ ಇನ್ನೂ ಒಳ್ಳೆಯದು, ಪದಾರ್ಥದ ಬಣ್ಣ ಇದ್ದ ಹಾಗೇ ಕಾಣುತ್ತದೆ. ಡ್ರೈವರ್ ಕೊಳ್ಳುವಾಗ ಬಿಐಎಸ್ ಗುರುತಿನ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಎಲ್‌ಇಡಿ ಡ್ರೈವರಿಗೆ ಆ ನೋಂದಣಿ ಕಡ್ಡಾಯ. ಹೆಸರೇ ಇಲ್ಲದ ಬಿಳಿ ಡಬ್ಬಿಗಳು ಅಗ್ಗಕ್ಕೆ ಸಿಗುತ್ತವೆ, ಬೇಗ ಉಬ್ಬುತ್ತವೆ. ಲೋಡ್ 29 ವಾಟ್ ಇದ್ದರೆ ಡ್ರೈವರ್ 36 ವಾಟಿನದಿರಲಿ. ಅಂಚಿನಲ್ಲಿ ದುಡಿಸಿದ ಡ್ರೈವರ್ ಬಹುಕಾಲ ಬಾಳುವುದಿಲ್ಲ.

ಇದಕ್ಕೆಲ್ಲ ಕಾಯ್ದೆ ಬೇಕೇ? ಬೇಕು ಎಂದೇ ನನ್ನ ಅಭಿಪ್ರಾಯ. ಐರೋಪ್ಯ ಒಕ್ಕೂಟದಲ್ಲಿ 2021ರ ಸೆಪ್ಟೆಂಬರ್ 1ರಿಂದ ಒಂದು ನಿಯಮ ಜಾರಿಯಲ್ಲಿದೆ. ದೀಪದ ಸಾಧನ ಮಾರುವವರು ಅದರೊಳಗಿನ ಬೆಳಕಿನ ಭಾಗವನ್ನೂ ಡ್ರೈವರನ್ನೂ ಮಾಮೂಲಿ ಹತಾರಗಳಿಂದ, ಸಾಧನ ಹಾಳಾಗದಂತೆ ಬಿಚ್ಚಿ ಬದಲಿಸುವ ಹಾಗೆ ಮಾಡಿರಬೇಕು. ಆಗುವುದಿಲ್ಲವೆಂದರೆ ಏಕೆಂದು ತಾಂತ್ರಿಕ ಕಾರಣ ಬರೆದಿಡಬೇಕು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಕುರಿತು ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲು, ಮನೆಬಳಕೆಯ ಉಪಕರಣ, ವಾಹನ ಎಂದು ನಾಲ್ಕು ಗುಂಪು ಮಾಡಿಕೊಂಡರು. ಸಂತೋಷ. ಟ್ರ್ಯಾಕ್ಟರಿನ, ಫ್ರಿಜ್ಜಿನ ಮಾತು ಆದಮೇಲಾದರೂ ಮರದ ಸಾಮಾನಿನ ಒಳಗೆ ಹೂತಿಟ್ಟ ದೀಪದ ಮಾತು ಬರಬೇಕು. ಅದು ಮಾರಾಟವಾಗುವುದು ಫರ್ನಿಚರಿನ ಲೆಕ್ಕದಲ್ಲಿ, ಕೆಡುವುದು ಎಲೆಕ್ಟ್ರಿಕಲ್ ಸಾಮಾನಿನ ಲೆಕ್ಕದಲ್ಲಿ. ವಾರಂಟಿ ಕೇಳಿದರೆ ಬಡಗಿ ವೈರ್‌ಮನ್ ಕಡೆ ಕೈ ತೋರಿಸುತ್ತಾನೆ, ವೈರ್‌ಮನ್ ಬಡಗಿ ಕಡೆ.

ಕಿತ್ತು ಹಾಕಿದ್ದು ಎಲ್ಲಿಗೆ ಹೋಗುತ್ತದೆ ಎನ್ನುವುದೂ ಇದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಕಸದಲ್ಲಿ ಸೇರಿದ ಇಂಥ ಸಾಮಾನನ್ನು ಬೇರೆ ಮಾಡಿ ಸರಿಯಾದ ಕಡೆ ಕಳಿಸುವ ಹೊಣೆಯನ್ನು ನಗರ ಸ್ಥಳೀಯ ಸಂಸ್ಥೆಗಳಿಗೂ ಕೊಟ್ಟಿವೆ. ನಂಜನಗೂಡು ನಗರಸಭೆ ಮತ್ತು ಟಿ. ನರಸೀಪುರ ಪುರಸಭೆ ತಿಂಗಳಿಗೊಂದು ದಿನ ಗೊತ್ತುಮಾಡಿ, ಕಸದ ಗಾಡಿಯಲ್ಲೇ ಒಂದು ಪ್ರತ್ಯೇಕ ಚೀಲ ಇಟ್ಟು ಹಳೆಯ ಬಲ್ಬು, ಟ್ಯೂಬು, ಡ್ರೈವರ್ ಸಂಗ್ರಹಿಸಲಿ. ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಸಂಗಮದ ನೀರಿನಲ್ಲಿ ಮೂರು ವರ್ಷಕ್ಕೊಮ್ಮೆ ಲಕ್ಷಾಂತರ ಜನ ಕುಂಭಮೇಳದ ಸ್ನಾನ ಮಾಡುವ ಊರಿನಲ್ಲಿ ಪಾದರಸದ ಟ್ಯೂಬನ್ನು ಹೊಳೆದಂಡೆಯ ತಿಪ್ಪೆಗೆ ಎಸೆಯುವುದು ನಿಲ್ಲಬೇಕು.

ಕಾಯ್ದೆ ಬರುವ ತನಕ ಸುಮ್ಮನಿರಬೇಕಾಗಿಲ್ಲ. ಅಡುಗೆಮನೆ ಮಾಡಿಸುವವರು ಕಬೋರ್ಡಿನ ಬಣ್ಣ, ಹ್ಯಾಂಡಲಿನ ಆಕಾರಕ್ಕಾಗಿ ಇಡೀ ದಿನ ಚರ್ಚೆ ಮಾಡುತ್ತೀರಿ. ಅದರ ಜೊತೆಗೆ ಕೊಟೇಶನ್ನಿನಲ್ಲಿ ಒಂದಿಷ್ಟು ಬರೆಸಿಕೊಳ್ಳಿ: ಡ್ರೈವರ್ ಒಲೆಯಿಂದ ದೂರವಿರಬೇಕು, ಕೈಗೆ ಸಿಗಬೇಕು, ಮುಚ್ಚಿದ ಹಲಗೆಗೆ ಗಮ್ ಬೇಡ, ಸ್ಕ್ರೂ ಇರಲಿ, ಪಟ್ಟಿ ಎಷ್ಟು ವೋಲ್ಟಿನದು ಎಷ್ಟು ವಾಟಿನದು ಎಂದು ಕಬೋರ್ಡಿನ ಒಳಗೆ ಚೀಟಿ ಅಂಟಿಸಿರಬೇಕು. ಅಡ್ವಾನ್ಸ್ ಕೊಡುವ ಮೊದಲು, ಅಡುಗೆ ಮಾಡುವವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ‘ಡ್ರೈವರ್ ಎಲ್ಲಿ ಕೂರುತ್ತೆ, ತೋರಿಸಿ’ ಎಂದು ಕೇಳಿ. ತೋರಿಸಲು ಆಗದವನಿಗೆ ಕೆಲಸ ಕೊಡಬೇಡಿ.